ಬಿಟ್ಟಿದ್ದು ಹದಿನಾಲ್ಕು, ಬಿಡಬೇಕಾಗಿದ್ದು ಒಂದೇ

ಮೊನ್ನೆ ಶುಕ್ರವಾರ ಲ್ಯಾಬಿನಿಂದ ರಿಪೋರ್ಟ್ ಬಂತು. ಟಿಟಿಜಿ, ಅಂದರೆ ನನ್ನ ಸೀಲಿಯಾಕ್ ಕಾಯಿಲೆಯ ರಕ್ತದ ಟೆಸ್ಟ್, ನಾರ್ಮಲ್. ಹಿಮೋಗ್ಲೋಬಿನ್ 12.1. ಎರಡು ವರ್ಷದ ಹಿಂದೆ ಇದೇ ಟಿಟಿಜಿ ಸರಿಯಾಗಿ ಎಷ್ಟು ಅಂತಲೂ ಹಾಕದೆ ‘200ಕ್ಕಿಂತ ಜಾಸ್ತಿ’ ಅಂತ ಬರೆದು ಕೊಟ್ಟಿದ್ದರು, ಹಿಮೋಗ್ಲೋಬಿನ್ 6.8 ಇತ್ತು, ನಾನು 39 ಕೆಜಿ ಇದ್ದೆ. ಈಗ 52. ಬ್ಲೌಸುಗಳನ್ನೆಲ್ಲ ಬಿಚ್ಚಿಸಿ ಮತ್ತೆ ಹೊಲಿಸಬೇಕಾಗಿದೆ. ಆ ಖರ್ಚಿಗೆ ಒಂದು ಚೂರೂ ಬೇಜಾರಿಲ್ಲ.

ಥ್ಯಾಂಕ್ಸ್ ಹೇಳಬೇಕಾದವರು ತುಂಬಾ ಜನ ಇದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳೋಣ ಅಂದುಕೊಂಡೆ. ಹೋದರೆ ಚಹಾ ಜೊತೆ ಬಿಸ್ಕಿಟ್ ಇಡುತ್ತಾರೆ, ಬೇಡ ಅನ್ನಬೇಕು, ಪಕ್ಕದಲ್ಲಿ ಕೂತ ಅವರ ನೆಂಟರಿಗೆ ಯಾಕೆ ಬೇಡ ಅಂತ ಹೇಳಬೇಕು, ಅದೇ ಒಂದು ತಾಸು. ಹಾಗಾಗಿ ಇಲ್ಲೇ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗಿರುವುದು ಸೀಲಿಯಾಕ್. ಗೋಧಿಯಲ್ಲಿರುವ ಗ್ಲುಟೆನ್ ಅನ್ನೋ ಪ್ರೋಟೀನ್ ಹೊಟ್ಟೆಗೆ ಹೋದರೆ ನನ್ನ ಮೈ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಗೋಡೆಯಲ್ಲಿ ಟರ್ಕಿ ಟವೆಲ್ಲಿನ ನೂಲಿನ ಹಾಗೆ ಸಣ್ಣ ಸಣ್ಣ ಎಳೆ ಇರುತ್ತವೆ, ಉಂಡಿದ್ದರ ಸತ್ವವನ್ನು ಹೀರುವುದು ಅವೇ. ನನ್ನವು ಸವೆದು ಸಪಾಟಾಗಿದ್ದವು. ಹಾಗಾಗಿ ಏನು ಉಂಡರೂ ಮೈಗೆ ಹತ್ತುತ್ತಿರಲಿಲ್ಲ.

ಇದೆಲ್ಲ ಶುರುವಾಗಿದ್ದು 2019ರಲ್ಲಿ, ಎರಡನೇ ಬಾಣಂತನ ಮುಗಿದ ಮೇಲೆ. ಹೊಟ್ಟೆ ಉಬ್ಬರ, ಭೇದಿ, ಬಾಯಿಹುಣ್ಣು, ತಲೆ ತಿರುಗು. ಒಬ್ಬರು ಗ್ಯಾಸ್ ಅಂದರು, ಒಬ್ಬರು ಟೆನ್ಶನ್ ಅಂದರು, ಇನ್ನೊಬ್ಬರು ಮಕ್ಕಳಾದ ಮೇಲೆ ಹೆಂಗಸರಿಗೆ ಹೀಗೆ ಆಗುತ್ತೆ ಅಂದುಬಿಟ್ಟರು. ಕಬ್ಬಿಣದ ಮಾತ್ರೆ ನಾಲ್ಕು ವರ್ಷ ನುಂಗಿದೆ, ರಕ್ತ ಮಾತ್ರ ಏರಲಿಲ್ಲ. ಎಂಟನೇ ಕ್ಲಾಸಿಗೆ ಗಣಿತ ಹೇಳುವಾಗ ಬೋರ್ಡಿಗೆ ಒರಗಿ ನಿಲ್ಲುತ್ತಿದ್ದೆ. ಸೀರೆಯ ಬೆನ್ನೆಲ್ಲ ಸೀಮೆಸುಣ್ಣ.

ಆಗ ಹಿಡಿದಿದ್ದು ಪಥ್ಯದ ಹುಚ್ಚು. ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲಿ ವಿಡಿಯೋ ನೋಡುವುದು, ಬೆಳಿಗ್ಗೆ ಎದ್ದು ಒಂದು ಪದಾರ್ಥ ಬಿಡುವುದು. ಮೊದಲು ಹಾಲು ಬಿಟ್ಟೆ, ಸ್ವಲ್ಪ ಹಗುರ ಅನಿಸಿತು. ಅಲ್ಲಿಗೆ ಧೈರ್ಯ ಬಂತು ನೋಡಿ! ಮೊಸರು, ಉಳ್ಳಾಗಡ್ಡಿ, ಬೆಳ್ಳುಳ್ಳಿ, ತೊಗರಿಬೇಳೆ, ಕಡಲೆ, ಆಲೂಗಡ್ಡೆ, ಬದನೆಕಾಯಿ, ಟೊಮೆಟೊ, ಮೆಣಸಿನಕಾಯಿ, ಸಕ್ಕರೆ, ಚಹಾ, ಶೇಂಗಾ, ಕೊನೆಗೆ ಅಕ್ಕಿ. ಪಾಠದ ಟಿಪ್ಪಣಿ ಬರೆಯುವ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ನಂಬರ್ ಹಾಕಿ ಬರೆದಿಟ್ಟಿದ್ದೇನೆ, ಹದಿನಾಲ್ಕು. ಬೂದುಗುಂಬಳಕಾಯಿ ರಸ ಬರೀ ಹೊಟ್ಟೆಗೆ ಎರಡು ತಿಂಗಳು. ಬರೀ ಹಣ್ಣು ಇಪ್ಪತ್ತೊಂದು ದಿನ ಅಂತ ಹೊರಟು ಒಂಬತ್ತನೇ ದಿನ ಬಚ್ಚಲಲ್ಲಿ ಬಿದ್ದೆ. ದೊಡ್ಡ ಮಗಳು ಬಾಗಿಲು ಬಡಿದು ಅಳುತ್ತಿದ್ದಳು, ಚಿಲಕ ತೆಗೆಯೋಕೂ ನನ್ನ ಕೈ ಎತ್ತಲಿಲ್ಲ.

2022ರ ಕೊನೆಗೆ ಸಿರಿಧಾನ್ಯದ ಗಂಜಿ ಹಿಡಿದೆ. ನವಣೆ, ಸಾಮೆ, ಊದಲು, ಅಷ್ಟೇ. ಜೊತೆಗೆ ಗೋಧಿಯೂ ಹೋಯಿತು. ಎರಡು ತಿಂಗಳಲ್ಲಿ ಭೇದಿ ನಿಂತಿತು! ಊರೆಲ್ಲ ಹೇಳಿಕೊಂಡು ಬಂದೆ, ಸಾಮೆ ಅಕ್ಕಿ ನನ್ನ ಜೀವ ಉಳಿಸಿತು ಅಂತ. ಸಾಮೆ ಏನೂ ಮಾಡಿರಲಿಲ್ಲ, ಪಾಪ. ತಟ್ಟೆಯಿಂದ ಚಪಾತಿ ಹೋಗಿತ್ತು, ಅಷ್ಟೇ. ಆದರೆ ಹದಿನೈದು ವಸ್ತು ಬಿಟ್ಟವಳಿಗೆ ಯಾವುದರಿಂದ ಗುಣ ಬಂತು ಅಂತ ಹೇಗೆ ಗೊತ್ತಾಗಬೇಕು? ಮುಂದೆ ಒಂದು ಮದುವೆಯಲ್ಲಿ, ಇರಲಿ ಬಿಡು ಅಂತ ಎರಡು ಸೌಟು ಗೋಧಿ ಹುಗ್ಗಿ ಉಂಡೆ. ಮೂರು ದಿನ ಏಳಲಿಲ್ಲ.

ಹೀಗಾಗಿ ಮೊದಲ ಥ್ಯಾಂಕ್ಸ್ ನಮ್ಮ ಹೊಟ್ಟೆಯ ಡಾಕ್ಟರಿಗೆ. ನನ್ನ ಹಳೇ ಚೀಟಿಗಳನ್ನು ಒಂದೊಂದಾಗಿ ತಿರುವಿ ನೋಡಿದ ಮೊದಲ ಮನುಷ್ಯ ಅವರು. ಪಂಜಾಬ್, ಹರಿಯಾಣ ಕಡೆ ಜಾಸ್ತಿ ಕಾಣುವ ಕಾಯಿಲೆ ಇದು, ಅನ್ನ ಉಣ್ಣುವ ದಕ್ಷಿಣದಲ್ಲಿ ಕಡಿಮೆ, ಅದಕ್ಕೇ ಯಾರಿಗೂ ಹೊಳೆದಿಲ್ಲ, ಆದರೆ ಹುಬ್ಬಳ್ಳಿಯವರು ದಿನಾ ಚಪಾತಿ ತಿಂತೀರಲ್ಲ ಅಂದರು. ರಕ್ತದ ಟೆಸ್ಟ್ ಬರೆದರು. ನೆಗೆಟಿವ್ ಬಂತು. ನಾನು ಎದ್ದು ಹೊರಡುವವಳು, ಅವರು ಕೇಳಿದರು, ‘ಗೋಧಿ ತಿಂದು ಎಷ್ಟು ದಿನ ಆಯ್ತಮ್ಮ?’

ಆ ಹುಗ್ಗಿ ಬಿಟ್ಟರೆ ನಾಲ್ಕು ತಿಂಗಳು. ಗೋಧಿ ನಿಲ್ಲಿಸಿದರೆ ಈ ಟೆಸ್ಟಿನಲ್ಲಿ ಕಾಯಿಲೆ ಸಿಕ್ಕಿಬೀಳದೇ ಇರಬಹುದಂತೆ. ಸಿಗಬೇಕು ಅಂದರೆ ಆರು ವಾರ ದಿನಾ ಗೋಧಿ ತಿಂದು ಬರಬೇಕು, ಆಮೇಲೆ ಮತ್ತೆ ರಕ್ತ, ಜೊತೆಗೆ ಎಂಡೋಸ್ಕೋಪಿ. ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಅನುಮಾನ ಇದ್ದರೆ ಮೊದಲು ಟೆಸ್ಟ್ ಮಾಡಿಸಿ, ಆಮೇಲೆ ಬಿಡಿ. ಮೊದಲೇ ಬಿಟ್ಟು ನಾನು ಪಟ್ಟ ಪಾಡು ಬೇಡ.

ಬೇಸಿಗೆ ರಜೆ ಇತ್ತು, ಅದೊಂದು ಪುಣ್ಯ. ದಿನಕ್ಕೆ ಎರಡು ಚಪಾತಿ. ಇಲ್ಲಿ ಎರಡನೇ ಥ್ಯಾಂಕ್ಸ್, ನಮ್ಮ ಅತ್ತೆಗೆ. ನಾನು ಹದಿನಾಲ್ಕು ಬಿಟ್ಟಾಗ ‘ನಿಂದೊಂದು ಬ್ಯಾರೆ ಮಠ ಆಗೇತಿ’ ಅಂತ ಬೈದವರು, ಚಪಾತಿ ತಿನ್ನುವಾಗ ಎದುರಿಗೇ ಕೂರುತ್ತಿದ್ದರು. ಒಂದು ಕೈಯಲ್ಲಿ ನೀರಿನ ತಂಬಿಗೆ. ‘ತಿನ್ನವಾ, ಔಷಧ ಅಂತ ತಿಳ್ಕೊಂಡು ತಿನ್ನು.’ ತುಪ್ಪ ಸವರಿ, ನಾಲ್ಕು ಪದರ ಮಾಡಿ, ಸಣ್ಣ ಮಕ್ಕಳಿಗೆ ಮಾಡಿಕೊಡುವ ಹಾಗೆ ತುಂಡು ಮಾಡಿ ಇಡುತ್ತಿದ್ದರು. ಹೊಟ್ಟೆ ಉಬ್ಬಿ ಮಲಗಿದರೆ ಬಿಸಿನೀರಿನ ಚೀಲ. ರಾತ್ರಿ ಎಷ್ಟು ಸಲ ಎದ್ದೆ ಅಂತ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗೀಟು. ಆ ಮೇ ತಿಂಗಳ ಹಾಳೆಯನ್ನು ನಾನು ಹರಿದಿಲ್ಲ.

ಜೂನ್ ಮೊದಲ ವಾರ ಎಂಡೋಸ್ಕೋಪಿ ಮಾಡಿ, ಸಣ್ಣ ಕರುಳಿನ ಶುರುವಿನಿಂದ ಐದಾರು ಚೂರು ತೆಗೆದರು. ಸೀಲಿಯಾಕ್ ಅಂತ ಖಚಿತವಾದ ದಿನ ನಾನು ಅಳಲಿಲ್ಲ, ನಿಜ ಹೇಳಬೇಕೆಂದರೆ ಖುಷಿಯಾಯಿತು. ಹೆಸರು ಸಿಕ್ಕಿತಲ್ಲ!

ಮೂರನೆಯವರು ಡಯಟಿಷಿಯನ್ ಮೇಡಂ. ಇವರ ಬಗ್ಗೆ ಬರೆದಷ್ಟೂ ಕಡಿಮೆಯೇ. ನೋಟ್‌ಬುಕ್ಕಿನ ಕೊನೇ ಪುಟ ತೋರಿಸಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಪೆನ್ ತೆಗೆದುಕೊಂಡು ಒಂದೊಂದೇ ಗೀಟು ಹಾಕಿ ಹೊಡೆದರು. ಉಳ್ಳಾಗಡ್ಡಿ ತಿನ್ನಿ. ಬೇಳೆ ತಿನ್ನಿ. ಶೇಂಗಾ ತಿನ್ನಿ, ನಿಮ್ಮ ಮೈಯಲ್ಲಿ ಮಾಂಸವೇ ಇಲ್ಲ. ಹಾಲು ಮಾತ್ರ ಈಗ ಬೇಡ, ಹಾಲಿನ ಸಕ್ಕರೆ ಅರಗಿಸುವ ಕಿಣ್ವ ಇರುವುದು ಅದೇ ಸವೆದ ಎಳೆಗಳ ತುದಿಯಲ್ಲಿ, ಅವು ಬೆಳೆದ ಮೇಲೆ ನೋಡೋಣ. ಎಂಟು ತಿಂಗಳಾದ ಮೇಲೆ ಹಾಲೂ ಬಂತು. ಅಂದರೆ ನನಗೆ ಸಿಕ್ಕ ಪಥ್ಯದಲ್ಲಿ ಬಿಡುವುದಕ್ಕಿಂತ ವಾಪಸ್ ತಿನ್ನುವುದೇ ಜಾಸ್ತಿ ಇತ್ತು! ಗ್ಲುಟೆನ್ ಇರುವ ಗೋಧಿ, ಬಾರ್ಲಿ, ರೈ (ಗೋಧಿಯ ಹಾಗಿನ ಒಂದು ಧಾನ್ಯ), ಇವು ಮಾತ್ರ ಜೀವನಪೂರ್ತಿ ಇಲ್ಲ. ಓಟ್ಸ್ ಸದ್ಯಕ್ಕೆ ಬೇಡ, ಅದರಲ್ಲಿ ಗೋಧಿ ಬೆರೆತಿರುತ್ತೆ. ಜೋಳ, ರಾಗಿ, ಸಜ್ಜೆ, ಅಕ್ಕಿ ಎಲ್ಲ ಧಾರಾಳ.

ನನಗೆ ನಾಚಿಕೆಯಾಗುತ್ತಿದೆ ಅಂತ ಗೊತ್ತಾಗಿ ಅವರೊಂದು ಹಳೇ ಸಂಗತಿ ಹೇಳಿದರು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಅನ್ನೋ ಡಾಕ್ಟರ್ ಈ ಕಾಯಿಲೆಯ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟರಂತೆ, ಬ್ರೆಡ್ ನಿಲ್ಲಿಸಿ. ಮಕ್ಕಳು ಚೇತರಿಸಿಕೊಂಡರು, ಹೆಸರು ಬಾಳೆಹಣ್ಣಿಗೆ ಬಂತು. ಗೋಧಿಯೇ ಕಾರಣ ಅಂತ ತೋರಿಸಿಕೊಟ್ಟಿದ್ದು ವಿಲ್ಲೆಮ್ ಡಿಕೆ ಅನ್ನೋ ಡಚ್ ಮಕ್ಕಳ ಡಾಕ್ಟರ್. ಅವರಿಗೆ ಮೊದಲಿನಿಂದಲೂ ಅನುಮಾನ ಇತ್ತು. 1944–45ರ ಚಳಿಗಾಲದಲ್ಲಿ, ಯುದ್ಧದಿಂದ ದೇಶಕ್ಕೇ ಬ್ರೆಡ್ ಇಲ್ಲದಾಗ, ಎಲ್ಲರೂ ಸೊರಗುತ್ತಿದ್ದರೆ ಈ ಮಕ್ಕಳು ಸುಧಾರಿಸಿದರು, ಬ್ರೆಡ್ ವಾಪಸ್ ಬಂದಾಗ ಮತ್ತೆ ಬಿದ್ದರು. 1950ರಲ್ಲಿ ಪ್ರಬಂಧ ಬರೆದರು. ‘ಅವರ ಬಾಳೆಹಣ್ಣು, ನಿಮ್ಮ ಸಾಮೆ ಅಕ್ಕಿ’ ಅಂದರು ಮೇಡಂ. ಆಗ ನಕ್ಕಿದ್ದು ನಾನೇ.

ಆದರೆ ನಾಲ್ಕು ತಿಂಗಳಾದರೂ ಟಿಟಿಜಿ ಇಳಿಯಬೇಕಾದಷ್ಟು ಇಳಿಯಲಿಲ್ಲ. ಅಡುಗೆಮನೆಯ ಡಬ್ಬಿಗಳ ಫೋಟೋ ಕಳಿಸಿ ಅಂದರು. ಮೂವತ್ತೆರಡು ಫೋಟೋ ಕಳಿಸಿದೆ. ಇಂಗಿನ ಡಬ್ಬಿಯ ಹಿಂದೆ, ಇರುವೆಯಷ್ಟು ಅಕ್ಷರದಲ್ಲಿ, ಮೈದಾ! ಅಂಗಡಿಯ ಇಂಗು ಬರೀ ಇಂಗಲ್ಲ, ಅದಕ್ಕೆ ಹಿಟ್ಟು, ಗೋಂದು ಸೇರಿಸಿರುತ್ತಾರೆ, ಎಷ್ಟೋ ಕಂಪನಿಯದರಲ್ಲಿ ಅದು ಗೋಧಿ ಹಿಟ್ಟೇ. ನಮ್ಮ ಅತ್ತೆಯ ಒಗ್ಗರಣೆ ಇಂಗಿಲ್ಲದೆ ಆಗುವುದೇ ಇಲ್ಲ. ಪಾಪ, ಅವತ್ತು ಸಂಜೆ ಅವರು ಊಟ ಮಾಡಲಿಲ್ಲ. ‘ದಿನಾ ನಾನs ವಿಷ ಹಾಕಿದ್ನಿ’ ಅಂತ. ಈಗ ನಮ್ಮ ಕಿರಾಣಿ ಅಂಗಡಿಯಣ್ಣ ಅಕ್ಕಿ ಹಿಟ್ಟಿನ ಇಂಗು ಹುಡುಕಿ ತರಿಸಿಡುತ್ತಾರೆ. ಹೊಸ ಸಾಮಾನು ಬಂದರೆ ಕನ್ನಡಕ ಹಾಕಿಕೊಂಡು ಹಿಂದಿನ ಅಕ್ಷರ ಓದಿ ಹೇಳುತ್ತಾರೆ. ‘ಗ್ಲುಟೆನ್ ಫ್ರೀ’ ಅಂತ ಹಾಕಬೇಕಾದರೆ ಗ್ಲುಟೆನ್ ಕೆಜಿಗೆ 20 ಮಿಲಿಗ್ರಾಂ ದಾಟಬಾರದು ಅನ್ನುವ, ದೇಶದ ಆಹಾರ ಸುರಕ್ಷತೆ ನೋಡಿಕೊಳ್ಳುವ ಎಫ್‌ಎಸ್‌ಎಸ್‌ಎಐ ನಿಯಮವನ್ನು ನನಗಿಂತ ಚೆನ್ನಾಗಿ ಹೇಳುತ್ತಾರೆ. ಅಣ್ಣಾ, ಥ್ಯಾಂಕ್ಸ್. ಖಪ್ಲಿ ಗೋಧಿ ತಿಂದರೆ ನಡೆಯುತ್ತೆ ಅಂತ ಯಾರೋ ಹೇಳಿದಾಗ ‘ಅದೂ ಗೋಧಿನೇ ಅಲ್ವಾ?’ ಅಂದು ಮಾರದೇ ಕಳಿಸಿದಿರಿ ನೋಡಿ, ಅದಕ್ಕೆ ಇನ್ನೊಂದು ಥ್ಯಾಂಕ್ಸ್.

ಇನ್ನು ನಮ್ಮ ಓಣಿಯ ಗಿರಣಿ ಕಾಕಾ. ಜೋಳದಲ್ಲಿ ಗ್ಲುಟೆನ್ ಇಲ್ಲ ನಿಜ, ಆದರೆ ಗೋಧಿ ಬೀಸಿದ ಕಲ್ಲಲ್ಲೇ ಜೋಳ ಬೀಸಿದರೆ ಏನು ಉಪಯೋಗ? ಇದನ್ನು ಕಾಕಾಗೆ ಹೇಳೋಕೆ ಸಂಕೋಚ ಪಟ್ಟು ಹದಿನೈದು ದಿನ ಸುಮ್ನೆ ತಿರುಗಿದೆ. ಹೇಳಿದ ಮೇಲೆ ಅವರು ಕೇಳಿದ್ದು ಒಂದೇ ಮಾತು, ‘ಐತವಾರ ಮುಂಜಾನೆ ಎಷ್ಟಕ್ಕ ಬರ್ತಿ?’ ಮುಂದೆ ಒಂದು ವರ್ಷ ಪ್ರತಿ ಭಾನುವಾರ ಆರೂವರೆಗೆ, ಬೇರೆ ಗಿರಾಕಿ ಬರುವ ಮೊದಲು, ಕಲ್ಲು ಬಿಚ್ಚಿ ಕುಂಚದಿಂದ ಉಜ್ಜಿ, ಮೊದಲು ಎರಡು ಕೆಜಿ ನುಚ್ಚಕ್ಕಿ ಓಡಿಸಿ, ಆಮೇಲೆ ನನ್ನ ಜೋಳ ಹಾಕುತ್ತಿದ್ದರು. ಆ ನುಚ್ಚಿನ ಹಿಟ್ಟು ಅವರ ಎಮ್ಮೆಗೆ. ದುಡ್ಡು ಕೊಡಲು ಹೋದರೆ ‘ಎಮ್ಮಿ ಕಡೆ ಇಸ್ಕೋತೀನಿ’ ಅನ್ನುತ್ತಿದ್ದರು. ಅಷ್ಟಾದರೂ ಪೂರಾ ಭರವಸೆ ಇಲ್ಲ, ನಿಮ್ಮದೇ ಗಿರಣಿ ಇದ್ದರೆ ಒಳ್ಳೇದು ಅಂದರು ಮೇಡಂ. ಹೋದ ವರ್ಷ ಚೀಟಿ ದುಡ್ಡು ಬಂದಾಗ ಮನೆ ಗಿರಣಿ ತಂದೆವು. ಅದನ್ನೂ ಕಾಕಾಗೆ ಹೇಳೋಕೆ ಸಂಕೋಚ! ಅವರೇ ಬಂದರು. ಸುತ್ತ ತಿರುಗಿ ನೋಡಿದರು, ಜರಡಿ ತೆಗೆದು ಬೆಳಕಿಗೆ ಹಿಡಿದರು, ಮೊದಲ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿ ‘ರೊಟ್ಟಿಗೆ ಇದು ತರಿ ಆತು, ಸಣ್ಣ ಜರಡಿ ಹಾಕು’ ಅಂದರು. ಹೋಗುವಾಗ ‘ಒಂದು ಗಿರಾಕಿ ಹೋತಲ್ಲಪಾ’ ಅಂತ ನಮ್ಮ ಯಜಮಾನರಿಗೆ ಹೇಳಿ ನಕ್ಕರು.

ಯಜಮಾನರಿಗೂ ಥ್ಯಾಂಕ್ಸ್, ಅವರಿಗೆ ಇಷ್ಟು ಸಾಕು, ಜಾಸ್ತಿ ಹೊಗಳಿದರೆ ನಾಳೆಯಿಂದ ಪಾತ್ರೆ ತೊಳೆಯಲ್ಲ.

ಸ್ಟಾಫ್ ರೂಮಿನ ಗೆಳತಿಯರಿಗೆ, ಹುಟ್ಟಿದಹಬ್ಬಕ್ಕೆ ಕೇಕ್ ಬದಲು ಶೇಂಗಾ ಚಿಕ್ಕಿ ತಂದು ಮೇಣದಬತ್ತಿ ಚುಚ್ಚಲು ನೋಡಿದ್ದಕ್ಕೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹೋದಾಗ ಗೋಧಿಯ ಮಾದಲಿ ಮುಟ್ಟದೆ ಕೈ ಮುಗಿದವಳನ್ನು ನೋಡಿ, ಏನೂ ಕೇಳದೆ ನಾಲ್ಕು ಬಾಳೆಹಣ್ಣು ಕೊಟ್ಟ, ಗುರುತು ಪರಿಚಯ ಇಲ್ಲದ ಆ ಅಜ್ಜಿಗೆ. ಮತ್ತೆ ನಮ್ಮ ಅಕ್ಕನಿಗೆ. ಒಡಹುಟ್ಟಿದವರು, ಮಕ್ಕಳು ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಇರುವ ಸಾಧ್ಯತೆ ಇದೆ ಅಂತ ಡಾಕ್ಟರ್ ಹೇಳಿದಾಗ, ‘ನನಗೇನಾಗೇತಿ’ ಅನ್ನುತ್ತಲೇ ಹೋಗಿ ಟೆಸ್ಟ್ ಮಾಡಿಸಿದಳು. ನನ್ನ ಮಕ್ಕಳಿಬ್ಬರದೂ ನೆಗೆಟಿವ್. ಅವಳದು ಪಾಸಿಟಿವ್. ಹೊಟ್ಟೆನೋವು ಒಂದು ದಿನ ಕಂಡವಳಲ್ಲ, ಹತ್ತು ವರ್ಷದಿಂದ ರಕ್ತ ಕಡಿಮೆ ಅಷ್ಟೇ. ಮದುವೆ ಮನೆಯಲ್ಲಿ ಈಗ ಇಬ್ಬರೂ ಒಟ್ಟಿಗೆ ನಮ್ಮ ಡಬ್ಬಿ ಬಿಚ್ಚುತ್ತೇವೆ. ಒಬ್ಬಳೇ ಬಿಚ್ಚುವಾಗ ಆಗುತ್ತಿದ್ದ ಮುಜುಗರ ಈಗಿಲ್ಲ.

ಆ ವಿಡಿಯೋದವರಿಗೆ ಮಾತ್ರ ಥ್ಯಾಂಕ್ಸ್ ಇಲ್ಲ. ಸಿಟ್ಟೂ ಈಗ ಅಷ್ಟಿಲ್ಲ, ಫೋನು ಹಿಡಿದಿದ್ದು ನನ್ನ ಕೈಯೇ. ಆದರೆ ಈಗಲೂ ಯಾರಾದರೂ ಗೋಧಿ ಬಿಟ್ಟರೆ ತೆಳ್ಳಗಾಗಬಹುದಾ ಅಂತ ಕೇಳಿದರೆ ರೇಗುತ್ತದೆ. ನನಗೆ ಕೊಟ್ಟರೆ ಇವತ್ತೇ ಒಂದು ಹೋಳಿಗೆ ತಿಂದೇನು.

ಇವತ್ತು ಬೆಳಿಗ್ಗೆ ಅವ್ವ ಫೋನ್ ಮಾಡಿದ್ದಳು. ಮುಂದಿನ ವಾರ ಪಂಚಮಿ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅರಳು ಎಲ್ಲ ಆಗಿದೆಯಂತೆ, ರವೆ ಉಂಡಿ ಈ ಸಲ ಮನೆಯಲ್ಲಿ ಕಟ್ಟುವುದೇ ಇಲ್ಲವಂತೆ, ಅಕ್ಕನೂ ನಾನೂ ಇಬ್ಬರೂ ಬರುತ್ತೇವಲ್ಲ ಅಂತ. ‘ಕಡ್ಲಿ ಹಿಟ್ಟು ಮಾತ್ರ ನಾ ಹೊರಗ ಬೀಸಂಗಿಲ್ಲ. ನಿನ್ನ ಗಿರಣ್ಯಾಗ ಬೀಸ್ಕೊಂಡು ಬಾ, ಇಲ್ಲೇ ಕಟ್ಟೂಣು.’ ಎರಡು ಕೆಜಿ ಕಡಲೆಬೇಳೆ ಹುರಿದು ಪರಾತದಲ್ಲಿ ಆರಲು ಹಾಕಿದ್ದೇನೆ. ಮುಟ್ಟಿ ನೋಡಿದೆ, ತಣ್ಣಗಾಗಿದೆ. ಹೋಗಿ ಸಣ್ಣ ಜರಡಿ ಹಾಕಬೇಕು.