ಒತ್ತಡವನ್ನು ಅಳೆಯುವ ಕೆಂಪು ಹರಳು

ಎರ್ಲಾಂಗೆನ್, ಜರ್ಮನಿ
ನವೆಂಬರ್ 9

ತೀರ್ಥರೂಪು ಅಪ್ಪಾಜಿಯವರಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಸಕಲೇಶಪುರದಲ್ಲಿ ನೀವೆಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಕಳೆದ ಸಲ ಫೋನಿನಲ್ಲಿ ನೀವು, "ಪ್ರಯೋಗಾಲಯದಲ್ಲಿ ವಸ್ತುಗಳ ಮೇಲೆ ಅಷ್ಟೊಂದು ಒತ್ತಡ ಹಾಕುತ್ತಾರೆ ಅನ್ನುತ್ತೀಯಲ್ಲ, ಎಷ್ಟು ಹಾಕಿದರೆಂದು ತಿಳಿಯುವುದು ಹೇಗೆ?" ಎಂದು ಕೇಳಿದಾಗ ನಾನು ತಡವರಿಸಿದ್ದೆ. ಕಣದಲ್ಲಿ ಹರಡಿದ ಕಾಫಿ ಬೀಜವನ್ನು ಕಚ್ಚಿ ನೋಡಿಯೇ ಒಣಗಿದ ಹದವನ್ನು ಹೇಳುವ ನಿಮಗೆ ಆ ಪ್ರಶ್ನೆ ಮೊದಲು ಹೊಳೆದದ್ದು ಸಹಜ. ಈ ವಾರ ಬೈರಾಯ್ಟ್ ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಸ್ಥೆಗೆ ಹೋಗಿ ಉತ್ತರವನ್ನು ಕಣ್ಣಾರೆ ಕಂಡುಬಂದೆ.

ದೊಡ್ಡ ಯಂತ್ರವನ್ನು ನಿರೀಕ್ಷಿಸಿದ್ದ ನನ್ನ ಅಂಗೈಗೆ ಅವರು ಇಟ್ಟದ್ದು ಒಂದು ಉಕ್ಕಿನ ಡಬ್ಬಿ. ಅದರೊಳಗೆ ಎರಡು ವಜ್ರಗಳು ಮೊನೆಗೆ ಮೊನೆ ಎದುರಾಗಿ ಕೂತಿವೆ. ನಡುವಿನ ತೆಳು ಲೋಹದ ಹಾಳೆಯಲ್ಲಿ ಕೂದಲೆಳೆ ತೂರುವಷ್ಟು ರಂಧ್ರ, ಅದರಲ್ಲಿ ಹನಿ ನೀರು. 1958ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಉಪಾಯವಿದು. ತಿರುಪು ತಿರುಗಿಸಿದ್ದು ನಾನೇ, ಬರಿಗೈ ಬಲದಿಂದ. ಮುಳ್ಳಿನ ತುದಿಯಂತೆ ಮೊನೆ ಕಿರಿದಾದ್ದರಿಂದ ಅಷ್ಟೇ ಬಲಕ್ಕೆ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಹತ್ತು ಸಾವಿರ ಪಟ್ಟಿಗೆ ಏರಿತು, ಮತ್ತು ಸೂಕ್ಷ್ಮದರ್ಶಕದಡಿ ನೋಡುತ್ತಿದ್ದಂತೆ ಆ ನೀರು ಕೋಣೆಯ ಬೆಚ್ಚನೆಯ ಹವೆಯಲ್ಲೇ ಮಂಜುಗಡ್ಡೆಯಾಯಿತು. ನೀರಿನಲ್ಲಿ ತೇಲದೆ ಮುಳುಗುವ ಮಂಜುಗಡ್ಡೆ!

ಅಳತೆಯ ಗುಟ್ಟು ಅದೇ ರಂಧ್ರದಲ್ಲಿ ಹಾಕಿದ್ದ ಮಾಣಿಕ್ಯದ, ಅಂದರೆ ನಮ್ಮ 'ಕೆಂಪಿನ', ಒಂದು ಚೂರಿನಲ್ಲಿದೆ. ಹಸಿರು ಲೇಸರ್ ಬಿಟ್ಟರೆ ಅದು 694 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಅಲೆಯುದ್ದದ ಕೆಂಪು ಬೆಳಕನ್ನು ಸೂಸುತ್ತದೆ. ಒತ್ತಡ ಹೆಚ್ಚಿದಂತೆ ಆ ಕೆಂಪು ಇನ್ನಷ್ಟು ಉದ್ದದ ಅಲೆಯ ಕಡೆಗೆ ಸರಿಯುತ್ತದೆ. ಆ ಸರಿತವನ್ನು ಓದಿದರೆ ಒತ್ತಡ ತಿಳಿಯಿತು. ವಜ್ರ ಪಾರದರ್ಶಕವಾಗಿರದಿದ್ದರೆ ಇದೆಲ್ಲ ಸಾಧ್ಯವೇ ಇರಲಿಲ್ಲ.

ಮರುದಿನ ಎರ್ಲಾಂಗೆನ್‌ನಲ್ಲೇ ಇರುವ ಮ್ಯಾಕ್ಸ್ ಪ್ಲಾಂಕ್ ಬೆಳಕಿನ ವಿಜ್ಞಾನ ಸಂಸ್ಥೆಯನ್ನು ನೋಡಿದೆ. ಅಲ್ಲಿ ನನಗೆ ಅರ್ಥವಾದದ್ದು ಕಡಿಮೆ. ಒಂದೇ ಅಣು ಒಂದು ಬೆಳಕಿನ ಕಣವನ್ನು ಬಿಟ್ಟ ಮೇಲೆ ಮತ್ತೆ ಶಕ್ತಿ ತುಂಬಿಕೊಳ್ಳುವವರೆಗೆ ಇನ್ನೊಂದನ್ನು ಬಿಡಲಾರದು. ಆದ್ದರಿಂದ ಆ ಬೆಳಕನ್ನು ಎರಡು ದಾರಿಗೆ ಹಂಚಿದರೂ, ಒಂದೇ ಕಾಳು ಎರಡು ಚೀಲಕ್ಕೆ ಬೀಳದ ಹಾಗೆ, ದಾರಿಗಳ ಕೊನೆಯಲ್ಲಿ ಬೆಳಕಿನ ಕಣವನ್ನು ಗುರುತಿಸುವ ಎರಡೂ ಶೋಧಕಗಳು ಒಟ್ಟಿಗೆ ಮಿಡಿಯುವುದಿಲ್ಲ.

ಅಮ್ಮನಿಗೆ ಇದನ್ನು ಓದಿ ಹೇಳಿ: ವಜ್ರದೊಳಗೆ ಇಂಗಾಲದ ಜಾಗದಲ್ಲಿ ಸಾರಜನಕ ಕೂತು, ಪಕ್ಕದ ಜಾಗ ಖಾಲಿ ಉಳಿದರೆ, ಆ ದೋಷವೂ ಹೀಗೆಯೇ ಒಂದೊಂದೇ ಕಣ ಬೆಳಕು ಬಿಡುತ್ತದೆ. 2019ರಲ್ಲಿ ವಿಜ್ಞಾನಿಗಳು ಒತ್ತುವ ವಜ್ರದ ಮೊನೆಯಲ್ಲೇ ಅಂಥ ದೋಷಗಳನ್ನಿಟ್ಟು, ಒಳಗಿನ ಒತ್ತಡವನ್ನೂ ಕಾಂತತ್ವವನ್ನೂ ಅಳೆದರು. ಓಲೆಯ ಹರಳಿನಲ್ಲಿ ದೋಷವಿದೆಯೆಂದು ಅಮ್ಮ ಅಕ್ಕಸಾಲಿಗರೊಂದಿಗೆ ಜಗಳವಾಡಿದ್ದು ನೆನಪಿದೆಯಲ್ಲ? ಇಲ್ಲಿ ಅದನ್ನು ಬೇಕೆಂದೇ ಮಾಡಿಸುತ್ತಾರೆ.

ನಿಮ್ಮ ಪ್ರೀತಿಯ ಮಗಳು,
ಸುಮಾ