ಕೊಲಾಂಜೈಟಿಸ್ ಪ್ರಶ್ನೆಪಟ್ಟಿಗೆ ಕೈಜೋಡಿಸಿದವರಿಗೆ

ಪಿತ್ತನಾಳದ ಉರಿಯೂತ, ಅಂದರೆ ಕೊಲಾಂಜೈಟಿಸ್, ಇರಬಹುದು ಅನ್ನಿಸಿದ ರೋಗಿಯನ್ನು ಮೊದಲ ಹತ್ತು ನಿಮಿಷದಲ್ಲಿ ಏನೇನು ಕೇಳಬೇಕು ಎಂಬ ಕನ್ನಡ ಪ್ರಶ್ನೆಪಟ್ಟಿ ಕೊನೆಗೂ ಮುಗಿದಿದೆ. ಇರುವುದು ಎರಡೇ ಪುಟ, ಅದಕ್ಕೆ ಹೆಗಲು ಕೊಟ್ಟವರು ಮಾತ್ರ ಬಹಳ. ಬರೀ 'ಎಲ್ಲರಿಗೂ ಧನ್ಯವಾದ' ಅಂದುಬಿಟ್ಟರೆ ಕೈತೊಳೆದುಕೊಂಡಂತಾಗುತ್ತದೆ. ಯಾರಿಂದ ಯಾವ ಪ್ರಶ್ನೆ ಬಂತು, ಅದು ಯಾಕೆ ಉಳಿಯಿತು ಅನ್ನುವುದನ್ನೂ ಹೇಳಬೇಕು.

ಮೊದಲ ನಮಸ್ಕಾರ ರೋಗಿಗಳಿಗೆ. ಕರಡಿನಲ್ಲಿ 'ಜ್ವರ ಇತ್ತಾ?' ಎಂದಷ್ಟೇ ಇತ್ತು. ಅದಕ್ಕೆ ಬರುವ 'ಹೂಂ, ಸ್ವಲ್ಪ ಮೈ ಬಿಸಿ' ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ. ಅವರ ಮಾತನ್ನೇ ಎತ್ತಿಕೊಂಡು ಪ್ರಶ್ನೆಯನ್ನು ಹೀಗೆ ಬದಲಾಯಿಸಿದೆವು: 'ಎಷ್ಟು ಹೊದ್ದರೂ ನಿಲ್ಲದ ನಡುಕ ಬಂದಿತ್ತಾ? ಹಲ್ಲು ಕಟಕಟ ಅಂದಿತ್ತಾ? ಮಂಚ ಅಲುಗಿತ್ತಾ?' ಈ ಗಡಗಡ ನಡುಕಕ್ಕೆ ಇಲ್ಲಿ ದೊಡ್ಡ ಅರ್ಥವಿದೆ. ಕಲ್ಲೋ ಗಡ್ಡೆಯೋ ನಾಳಕ್ಕೆ ಅಡ್ಡ ನಿಂತಾಗ ಪಿತ್ತರಸ ಮುಂದೆ ಹರಿಯದೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಬ್ಯಾಕ್ಟೀರಿಯಾಗಳು ಲಿವರ್‌ನ ಸೂಕ್ಷ್ಮ ನಾಳಗಳಿಂದ ಹಿಮ್ಮುಖವಾಗಿ ರಕ್ತಕ್ಕೆ ನುಗ್ಗುತ್ತವೆ. ನಡುಕ ಅಂದರೆ ಸೋಂಕು ಆಗಲೇ ರಕ್ತಕ್ಕೆ ಇಳಿದಿರಬಹುದು ಎಂದು ಲೆಕ್ಕ. ಎಷ್ಟು ಸಲ ಬಂತು, ಕೊನೆಯ ಸಲ ಯಾವಾಗ, ಪ್ಯಾರಾಸಿಟಮಾಲ್ ನುಂಗಿ ಎಷ್ಟು ಹೊತ್ತಾಯಿತು ಎಂಬ ಮೂರೂ ಒಂದೇ ಸಾಲಿನಲ್ಲಿವೆ. ಮಾತ್ರೆ ಹೊಟ್ಟೆಯಲ್ಲಿದ್ದಾಗ ಥರ್ಮಾಮೀಟರ್ ತೋರಿಸುವ 37 ಡಿಗ್ರಿಯನ್ನು ನಂಬಿ ಕೂರುವಂತಿಲ್ಲ.

ಭಾಷೆ ತಿದ್ದಿಕೊಟ್ಟವರಿಗೂ ಋಣಿಗಳು. ಕನ್ನಡದಲ್ಲಿ 'ಪಿತ್ತ ಆಗಿದೆ' ಅಂದರೆ ತಲೆಸುತ್ತು, ವಾಕರಿಕೆ, ಹುಳಿತೇಗು ಏನು ಬೇಕಾದರೂ ಆಗಬಹುದು. ಪಿತ್ತನಾಳದ ಮಾತು ಅಲ್ಲಿ ಬಂದೇ ಇರುವುದಿಲ್ಲ. ಇನ್ನು 'ಗ್ಯಾಸ್ಟ್ರಿಕ್'. ಪಕ್ಕೆಲುಬಿನ ಕೆಳಗೆ ಎಲ್ಲಿ ನೋವು ಬಂದರೂ ಅದೇ ಹೆಸರು. ಹಾಗಾಗಿ ಪಟ್ಟಿಯಲ್ಲಿ ಎರಡೂ ಪದಗಳಿಲ್ಲ. 'ಎಲ್ಲಿ ನೋವು, ಒಂದು ಬೆರಳಿಟ್ಟು ತೋರಿಸಿ' ಎಂದಿದೆ. ಬಲಪಕ್ಕೆಯ ಕೆಳಗೋ ಹೊಟ್ಟೆಯ ಮೇಲ್ಭಾಗದ ನಡುವೆಯೋ ಬೆರಳು ನಿಂತು, ನೋವು ಬಲ ಹೆಗಲ ಮೂಳೆಯತ್ತ ಹರಿಯುತ್ತದೆ ಅಂದರೆ ಪಿತ್ತದ ದಾರಿಯ ಮೇಲೆ ಗುಮಾನಿ. ಕಲ್ಲಿನ ಬರೀ ಶೂಲೆ ಕೆಲವು ಗಂಟೆಗಳಲ್ಲಿ ತಾನೇ ಇಳಿಯುತ್ತದೆ, ಜ್ವರ ತರುವುದಿಲ್ಲ. ನೋವು ನೇರ ಬೆನ್ನಿಗೆ ಇರಿದಂತೆ ಹೋದರೆ ಪ್ಯಾಂಕ್ರಿಯಾಸ್ ಕಡೆಗೂ ನೋಡಬೇಕು.

ರೋಗಿಗಳ ಜೊತೆಗೆ ಬಂದ ಮನೆಯವರು ಕೊಟ್ಟದ್ದು ಬಣ್ಣದ ವಿವರ. ಕಣ್ಣು ಹಳದಿಯಾಗುವ ಮೊದಲೇ ಮೂತ್ರ ಕಡುಚಹಾದ ಬಣ್ಣಕ್ಕೆ ತಿರುಗಿರಬಹುದು. ದಾರಿ ಕಟ್ಟಿದಾಗ ರಕ್ತದಲ್ಲಿ ಏರುವ ಬಿಲಿರುಬಿನ್, ಅಂದರೆ ಪಿತ್ತದ ಹಳದಿ ಬಣ್ಣ, ನೀರಿನಲ್ಲಿ ಕರಗುವ ಜಾತಿಯದು, ಕಿಡ್ನಿಯಿಂದ ಸೋರುತ್ತದೆ. ಅದು ಕರುಳಿಗೆ ಇಳಿಯದ ಕಾರಣ ಮಲ ಜೇಡಿಮಣ್ಣಿನಂತೆ ಬಿಳಚಿಕೊಳ್ಳುತ್ತದೆ. 'ಕಾಮಾಲೆ ಆಗಿದೆಯಾ' ಎಂದರೆ 'ಇಲ್ಲ' ಎನ್ನುವವರು 'ಮೂತ್ರ ಹೋದಲ್ಲಿ, ಒಳಬಟ್ಟೆಯಲ್ಲಿ ಹಳದಿ ಕಲೆ ಉಳಿಯುತ್ತಾ' ಎಂದರೆ ತಕ್ಷಣ ತಲೆಯಾಡಿಸುತ್ತಾರೆ. ಕಣ್ಣನ್ನು ಹಗಲು ಬೆಳಕಿನಲ್ಲಿ, ಮೇಲಿನ ರೆಪ್ಪೆ ಎತ್ತಿ ನೋಡಿ ಎಂಬ ಸೂಚನೆ ದಪ್ಪಕ್ಷರದಲ್ಲಿದೆ. ಹಳದಿ ಬಲ್ಬಿನ ಕೆಳಗೆ ಕಾಮಾಲೆ ತಪ್ಪಿಸಿಕೊಳ್ಳುವುದು ಬಲು ಸುಲಭ. ಅಂಗೈ ಹಳದಿಯಿದ್ದು ಕಣ್ಣು ಬೆಳ್ಳಗಿದ್ದರೆ ಅದು ಕಾಮಾಲೆಯಲ್ಲ.

ಕರಡಿನ ಮೇಲೆ ಕೆಂಪು ಶಾಯಿ ಹರಿಸಿದ ಹಿರಿಯ ವೈದ್ಯರಿಗೆ ವಿಶೇಷ ಕೃತಜ್ಞತೆ. ಫ್ರೆಂಚ್ ವೈದ್ಯ ಶಾರ್ಕೋ 1877ರಲ್ಲಿ ಹೇಳಿದ ನಡುಕಜ್ವರ, ಬಲಮೇಲುಹೊಟ್ಟೆಯ ನೋವು, ಕಾಮಾಲೆ ಎಂಬ ತ್ರಿವಳಿಯನ್ನು ನಾವು ಮೊದಲ ಪುಟದ ಚೌಕಟ್ಟಿನಲ್ಲಿ 'ಮೂರೂ ಇವೆಯೇ?' ಎಂದು ಹಾಕಿದ್ದೆವು. 'ಇದ್ದರೆ ರೋಗ ಬಹುಪಾಲು ಖಚಿತ, ಇಲ್ಲದಿದ್ದರೆ ರೋಗ ಇಲ್ಲ ಅಂತಲ್ಲ' ಎಂದು ಅವರು ಅದನ್ನು ಹೊಡೆದುಹಾಕಿದರು. ಸರಿಯೇ. ಮೂರೂ ಕೂಡಿ ಬಾರದ ರೋಗಿಗಳೇ ಹೆಚ್ಚು. ಈ ರೋಗವನ್ನು ಗುರುತಿಸಲು ಇರುವ 2018ರ ಟೋಕಿಯೊ ಮಾರ್ಗಸೂಚಿಯಲ್ಲಿ ನೋವಿಗೆ ಪ್ರತ್ಯೇಕ ಸ್ಥಾನವೇ ಇಲ್ಲ. ಸೋಂಕಿನ ಗುರುತು, ಪಿತ್ತ ಕಟ್ಟಿದ ಗುರುತು, ಸ್ಕ್ಯಾನಿನಲ್ಲಿ ಹಿಗ್ಗಿದ ನಾಳ ಅಥವಾ ಅದರ ಕಾರಣ ಎಂದು ಮೂರು ಗುಂಪು. ಮೊದಲ ಗುಂಪಿನಲ್ಲಿ ಒಂದು, ಉಳಿದೆರಡರಲ್ಲಿ ಯಾವುದಾದರೂ ಒಂದು ಇದ್ದರೆ ಅನುಮಾನ. ಮೂರರಲ್ಲೂ ಇದ್ದರೆ ಖಚಿತ. 1959ರಲ್ಲಿ ರೆನಾಲ್ಡ್ಸ್ ಮತ್ತು ಡಾರ್ಗನ್ ತ್ರಿವಳಿಗೆ ಸೇರಿಸಿದ ಎರಡು, ಅಂದರೆ ಬಿಪಿ ಕುಸಿತ ಮತ್ತು ಮಂಪರು, ಈಗ ಆ ಚೌಕಟ್ಟಿನಲ್ಲಿವೆ. ಅವು ಕಂಡರೆ ಉಳಿದ ಪ್ರಶ್ನೆ ಆಮೇಲೆ. ಮೊದಲು ಡ್ರಿಪ್, ಕಲ್ಚರ್‌ಗೆ ರಕ್ತ, ಆಂಟಿಬಯೊಟಿಕ್, ನಾಳ ತೆರೆಯುವವರಿಗೆ ಫೋನು.

ವಾರ್ಡಿನ ನರ್ಸ್‌ಗಳು ಸೇರಿಸಿದ್ದು ಒಂದೇ ಪ್ರಶ್ನೆ: 'ನಿನ್ನೆಗೂ ಇವತ್ತಿಗೂ ಇವರ ನಡವಳಿಕೆಯಲ್ಲಿ ಏನು ಬದಲಾಗಿದೆ?' ವಯಸ್ಸಾದವರಲ್ಲಿ, ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಜ್ವರವೂ ಬಾರದೆ, ನೋವೂ ಕಾಣದೆ, ಬರೀ ಮಂಕು, ಊಟ ಬೇಡ ಅನ್ನುವುದು, ಬಚ್ಚಲಲ್ಲಿ ಬಿದ್ದದ್ದು ಇಷ್ಟೇ ಸಿಗಬಹುದು.

ಹಿಂದಿನ ಆರೋಗ್ಯದ ಭಾಗವೇ ಎರಡನೇ ಪುಟದ ಮುಕ್ಕಾಲು. ಎಂಡೋಸ್ಕೊಪಿ ಮಾಡುವವರು ಬಿಡುವು ಮಾಡಿಕೊಂಡು ಕೂತು ಬರೆಸಿದ್ದು ಇದು. 'ಪಿತ್ತಕೋಶ ತೆಗೆಸಿ ವರ್ಷಗಳಾದವು, ಇನ್ನೆಲ್ಲಿಯ ಕಲ್ಲು' ಎಂಬ ಮಾತಿಗೆ ಸೋಲಬಾರದು. ನಾಳದಲ್ಲಿ ಉಳಿದ ಕಲ್ಲೂ ಇರುತ್ತದೆ, ಅಲ್ಲೇ ಹುಟ್ಟಿದ್ದೂ ಇರುತ್ತದೆ. ನಾಳ ತೆರೆದಿಡುವ ಪುಟ್ಟ ಕೊಳವೆ, ಅಂದರೆ ಸ್ಟೆಂಟ್, ಹಾಕಿಸಿದ್ದಾರೆಯೇ, ಹಾಕಿದ ತಾರೀಖು ಏನು? ಪ್ಲಾಸ್ಟಿಕ್ ಸ್ಟೆಂಟ್ ಸುಮಾರು ಮೂರು ತಿಂಗಳಿಗೆ ಕೆಸರು ಕಟ್ಟಿ ಮುಚ್ಚಿಕೊಳ್ಳುವ ವಸ್ತು. ನೋವು ಹೋಯಿತೆಂದು ಅದನ್ನು ಮರೆತವರು ಮತ್ತೆ ನಡುಗುತ್ತಾ ಬರುತ್ತಾರೆ. ಹೊಟ್ಟೆಯ ಯಾವ ಆಪರೇಷನ್ ಆಗಿದೆ ಎಂಬುದೂ ಬೇಕು, ಜಠರ ಕರುಳಿನ ಜೋಡಣೆ ಬದಲಾಗಿದ್ದರೆ ಬಾಯಿಯಿಂದ ಇಳಿಸಿ ಪಿತ್ತನಾಳ ತೆರೆಯುವ ಮಾಮೂಲಿ ಇಆರ್‌ಸಿಪಿ ಕೊಳವೆ ನಾಳದ ಬಾಯಿ ಮುಟ್ಟದೆ ಹೋಗಬಹುದು. ರಕ್ತ ತೆಳುವಾಗಿಸುವ ಮಾತ್ರೆ ಯಾವುದು, ಕೊನೆಯ ಡೋಸ್ ಎಷ್ಟು ಗಂಟೆಗೆ? ವಸಡಿನಲ್ಲಿ ರಕ್ತ, ಕಾರಣವಿಲ್ಲದ ನೀಲಿಗಟ್ಟು ಇದೆಯೇ? ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಹೀರಲ್ಪಡುವುದಿಲ್ಲ, ರಕ್ತ ಹೆಪ್ಪುಗಟ್ಟಲು ತಡವಾಗುತ್ತದೆ. ತೂಕ ಇಳಿದು ನೋವಿಲ್ಲದೆ ಏರಿದ ಕಾಮಾಲೆ ಗಡ್ಡೆಯ ಕಡೆ ಬೆರಳು ತೋರಿಸುತ್ತದೆ. ಜಂತುಹುಳು, ಔಷಧದ ಅಲರ್ಜಿ, ಸಕ್ಕರೆ ಕಾಯಿಲೆ ತಲಾ ಒಂದು ಸಾಲು.

ಕೊಲಾಂಜೈಟಿಸ್‌ನಲ್ಲೇ ಜ್ವರವಿಲ್ಲದೆ ತಿಂಗಳುಗಟ್ಟಲೆ ಎಳೆಯುವ ಬಗೆಗಳನ್ನು ಬಿಟ್ಟೇಬಿಟ್ಟಿದ್ದೆವು. ಚರ್ಮರೋಗ ವಿಭಾಗದವರು ಹಿಡಿದು ಕೂರಿಸಿದರು. ಗುಳ್ಳೆಯಿಲ್ಲ, ದದ್ದಿಲ್ಲ, ಆದರೂ ಅಂಗೈ ಅಂಗಾಲು ತುರಿಕೆ, ರಾತ್ರಿ ಹೆಚ್ಚು, ಜೊತೆಗೆ ತೀರದ ಸುಸ್ತು: ಇಂಥವರನ್ನು ಮುಲಾಮು ಕೊಟ್ಟು ಕಳಿಸದೆ ಲಿವರ್ ಪರೀಕ್ಷೆ ಮಾಡಿಸಬೇಕು. ದೊಡ್ಡಕರುಳಿನ ಹಳೆಯ ಹುಣ್ಣು, ರಕ್ತಭೇದಿ ಇತ್ತೇ ಎಂದೂ ಕೇಳಬೇಕು. ನಾಳಗಳು ಗಟ್ಟಿಯಾಗಿ ಕಿರಿದಾಗುವ ಪಿಎಸ್‌ಸಿ ರೋಗ ಇರುವ ಅನೇಕರಲ್ಲಿ ಈ ಕರುಳಿನ ಕಾಯಿಲೆಯೂ ಇರುತ್ತದೆ.

ಲ್ಯಾಬ್ ಮತ್ತು ಸ್ಕ್ಯಾನಿಂಗ್ ಗೆಳೆಯರ ಎರಡು ಎಚ್ಚರಿಕೆ ಪುಟದ ಅಡಿಯಲ್ಲಿವೆ. ಕಲ್ಲು ಆಗಷ್ಟೇ ಸಿಕ್ಕಿಕೊಂಡಾಗ ಲಿವರ್ ಕಿಣ್ವಗಳಾದ ಎಎಲ್‌ಟಿ, ಎಎಸ್‌ಟಿ ನೂರುಗಳಿಗೆ ಜಿಗಿದು ವೈರಲ್ ಹೆಪಟೈಟಿಸ್‌ನಂತೆ ಕಾಣಬಹುದು. ಅಲ್ಟ್ರಾಸೌಂಡಿನಲ್ಲಿ ನಾಳದ ಕೆಳತುದಿಯನ್ನು ಗ್ಯಾಸ್ ಮರೆಮಾಡುತ್ತದೆ, ಕಲ್ಲು ಕಾಣಲಿಲ್ಲ ಎಂಬುದು ಕಲ್ಲು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ರಾತ್ರಿ ಪಾಳಿಯವರು ಕೇಳಿದರೆಂದು ಕೊನೆಯ ಗಳಿಗೆಯಲ್ಲಿ ಬಲಮೂಲೆಗೆ ಒಂದು ಪುಟ್ಟ ಚೌಕ ಸೇರಿದೆ: 'ಕೊನೆಯ ಸಲ ಏನು ತಿಂದದ್ದು, ಎಷ್ಟು ಗಂಟೆಗೆ?' ಇಆರ್‌ಸಿಪಿಗೆ ಕರೆ ಹೋದಾಗ ಆ ಕಡೆಯಿಂದ ಮೊದಲು ಬರುವ ಪ್ರಶ್ನೆ ಅದೇ.