ಸ್ಪೀಕರ್ ಸುಟ್ಟರೆ ಮೊದಲು ಆಂಪ್ಲಿಫೈಯರ್ ಪರೀಕ್ಷಿಸಿ

ಮಾನ್ಯ ಸಂಪಾದಕರೇ,

ಗಣೇಶೋತ್ಸವ, ನವರಾತ್ರಿ, ರಾಜ್ಯೋತ್ಸವಗಳ ಸಾಲು ಹತ್ತಿರವಾದಂತೆ ನಮ್ಮಂಥ ದುರಸ್ತಿ ಅಂಗಡಿಗಳಿಗೆ ಸುಟ್ಟ ಸ್ಪೀಕರ್‌ಗಳು ಬರತೊಡಗುತ್ತವೆ. ತಂದವರು ಹೇಳುವ ಮಾತು ಬಹುತೇಕ ಒಂದೇ: ‘ಕಾಯಿಲ್ ಹೋಗಿದೆ, ಹೊಸದು ಹಾಕಿಕೊಡಿ.’ ಕಾಯಿಲ್ ಎಂದರೆ ಸ್ಪೀಕರ್‌ನ ಕೋನನ್ನು ಆಡಿಸುವ ತಂತಿಯ ಸುರುಳಿ. ಆಂಪ್ಲಿಫೈಯರನ್ನೂ ತನ್ನಿ ಎಂದರೆ, ಅದು ಚೆನ್ನಾಗಿಯೇ ಇದೆ, ದೀಪ ಹತ್ತುತ್ತದೆ ಎನ್ನುತ್ತಾರೆ. ಈ ನಂಬಿಕೆಯಿಂದಾಗಿ ಸಣ್ಣಪುಟ್ಟ ಮಂಡಳಿಗಳ, ಶಾಲೆಗಳ, ಬಾಡಿಗೆಗೆ ಧ್ವನಿವರ್ಧಕ ಕೊಡುವವರ ಹಣ ಮತ್ತೆ ಮತ್ತೆ ಪೋಲಾಗುವುದನ್ನು ನೋಡಿ ಈ ಪತ್ರ ಬರೆಯುತ್ತಿದ್ದೇನೆ.

ಕಳೆದ ವರ್ಷ ಪಕ್ಕದ ಹಳ್ಳಿಯ ಭಜನಾ ಮಂಡಳಿಯವರು ಹನ್ನೆರಡು ಇಂಚಿನ ವೂಫರ್ (ದಪ್ಪ ದನಿಯ ದೊಡ್ಡ ಸ್ಪೀಕರ್) ಒಂದನ್ನು ತಂದರು. ಅದು ಮೂರನೆಯ ಬಾರಿ ಸುಟ್ಟಿತ್ತು. ಹಿಂದಿನ ಎರಡು ಬಾರಿಯೂ ಬೇರೆ ಕಡೆ ಕಾಯಿಲ್ ಸುತ್ತಿಸಿ, ಹೊಸ ಕೋನ್ ಅಂಟಿಸಿಕೊಂಡು ಹೋಗಿದ್ದರು. ಬಿಚ್ಚಿದಾಗ ಕಾಯಿಲ್‌ನ ವಾರ್ನಿಷ್ ಕರಿದಾಗಿ, ಸುತ್ತುಗಳು ಸಡಿಲಗೊಂಡು ಅಯಸ್ಕಾಂತದ ಸಂದಿಯಲ್ಲಿ ಸಿಕ್ಕಿಕೊಂಡಿದ್ದವು. ಆದರೆ ಅದೇ ಪೆಟ್ಟಿಗೆಯ ಟ್ವೀಟರ್ (ಕೀಚಲು ದನಿಯ ಚಿಕ್ಕ ಸ್ಪೀಕರ್) ಮಾತ್ರ ಹೊಸದರಂತೆ ಹಾಡುತ್ತಿತ್ತು. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ವಾಲ್ಯೂಮ್ ಮಿತಿಮೀರಿ ದನಿ ಒಡೆದಾಗ ಸಾಮಾನ್ಯವಾಗಿ ಮೊದಲು ಹೋಗುವುದು ಟ್ವೀಟರ್. ಆಂಪ್ಲಿಫೈಯರ್‌ನಿಂದ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಬಂದಾಗ ಹಾಗಾಗುವುದಿಲ್ಲ, ಏಕೆಂದರೆ ಟ್ವೀಟರ್‌ನ ದಾರಿಯಲ್ಲಿರುವ ಕೆಪಾಸಿಟರ್ ಡಿಸಿಯನ್ನು ಒಳಗೆ ಬಿಡುವುದಿಲ್ಲ. ಏಟು ಪೂರ್ತಿಯಾಗಿ ವೂಫರ್‌ಗೆ ಬೀಳುತ್ತದೆ. ವೂಫರ್ ಮಾತ್ರ ಸುಟ್ಟಿದ್ದರೆ ಆಂಪ್ಲಿಫೈಯರ್ ಔಟ್‌ಪುಟ್‌ನಲ್ಲಿ ಡಿಸಿ ಇದೆಯೇ ಎಂದು ನೋಡದೆ ಕಾಯಿಲ್‌ಗೆ ಕೈ ಹಾಕಬಾರದು.

ಹಳೆಯ ಎಷ್ಟೋ ಆಂಪ್ಲಿಫೈಯರ್ ಸೆಟ್‌ಗಳಲ್ಲಿ ಒಂದೇ ಸಪ್ಲೈ (ಒಳಗಿನ ಡಿಸಿ ವಿದ್ಯುತ್ ಮೂಲ) ಇದ್ದು, ಔಟ್‌ಪುಟ್‌ಗೂ ಸ್ಪೀಕರ್‌ಗೂ ನಡುವೆ 1000 ಅಥವಾ 2200 ಮೈಕ್ರೋಫ್ಯಾರಡ್‌ನ ದಪ್ಪ ಕೆಪಾಸಿಟರ್ ಕಾವಲಿಗೆ ಇರುತ್ತಿತ್ತು. ಈಗಿನ ದೊಡ್ಡ ಸೆಟ್‌ಗಳಲ್ಲಿ ಹೆಚ್ಚಿನವು ಪ್ಲಸ್ ಮತ್ತು ಮೈನಸ್ ಎರಡೂ ಸಪ್ಲೈಗಳಿಂದ ನಡೆದು, ಔಟ್‌ಪುಟ್ ನೇರವಾಗಿ ಸ್ಪೀಕರ್‌ಗೆ ಸೇರುತ್ತದೆ. ಎಲ್ಲವೂ ಸರಿಯಿದ್ದಾಗ ಔಟ್‌ಪುಟ್ ಸೊನ್ನೆ ವೋಲ್ಟಿನ ಆಸುಪಾಸಿನಲ್ಲೇ ನಿಂತಿರುತ್ತದೆ. ಒಂದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ಸಪ್ಲೈಯ ವೋಲ್ಟೇಜ್, ಉದಾಹರಣೆಗೆ 38 ವೋಲ್ಟ್, ಹೆಚ್ಚುಕಡಿಮೆ ಹಾಗೆಯೇ ಸ್ಪೀಕರ್ ಮೇಲೆ ಬೀಳುತ್ತದೆ. ಎಂಟು ಓಮ್ ಎಂದು ಬರೆದಿರುವ ವೂಫರ್‌ನ ಕಾಯಿಲನ್ನು ಮೀಟರ್‌ನಲ್ಲಿ ನೋಡಿದರೆ ಸುಮಾರು 6 ಓಮ್ ಅಷ್ಟೇ ತೋರಿಸುತ್ತದೆ. ಲೆಕ್ಕ ಹಾಕಿದರೆ ಆರು ಆಂಪಿಯರ್ ಮೀರಿದ ಕರೆಂಟ್, ಸುಮಾರು 240 ವ್ಯಾಟ್ ಶಾಖ. ನಾವು ಬಳಸುವ 25 ವ್ಯಾಟಿನ ಬೆಸುಗೆ ಕಡ್ಡಿಗಳನ್ನು ಹತ್ತು ಒಟ್ಟಿಗೆ ಆ ಪುಟ್ಟ ಕಾಯಿಲ್‌ಗೆ ಒತ್ತಿ ಹಿಡಿದಂತೆ. ಹಾಡು ನುಡಿಯುವಾಗ ಕೋನ್ ಹಿಂದೆ ಮುಂದೆ ಆಡುತ್ತಾ ಗಾಳಿಯಾದರೂ ಸಿಗುತ್ತದೆ. ಡಿಸಿ ಬಂದಾಗ ಕೋನ್ ಒಂದೇ ಕಡೆಗೆ ತಳ್ಳಿಕೊಂಡು ನಿಂತುಬಿಡುತ್ತದೆ. ಫ್ಯೂಸ್ ಇದೆಯಲ್ಲ ಎಂದು ಸಮಾಧಾನಪಡುವಂತಿಲ್ಲ, 5 ಆಂಪಿಯರ್ ಫ್ಯೂಸ್ ಇಷ್ಟು ಅಲ್ಪ ಹೆಚ್ಚಳಕ್ಕೆ ಕರಗಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಕಾಯಿಲ್‌ನ ಕಥೆ ಮುಗಿದಿರುತ್ತದೆ. ಎರಡು ಸಪ್ಲೈಗಳಿಗೂ ಬೇರೆ ಬೇರೆ ಫ್ಯೂಸ್ ಇರುವ ಸೆಟ್‌ನಲ್ಲಿ ಒಂದು ಮಾತ್ರ ಹೋದರೆ, ಅದರಿಂದಲೇ ಔಟ್‌ಪುಟ್ ಇನ್ನೊಂದು ಕಡೆಗೆ ವಾಲುವುದೂ ಉಂಟು.

ಮಂಡಳಿಯವರಿಂದ ಆಂಪ್ಲಿಫೈಯರ್ ತರಿಸಿ, ಸ್ಪೀಕರ್ ಜೋಡಿಸದೆ, ಇನ್‌ಪುಟ್ ಶಾರ್ಟ್ ಮಾಡಿ, ಮೇನ್ಸ್ ತಂತಿಯ ಸರಣಿಯಲ್ಲಿ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್ ಹಾಕಿ ಚಾಲೂ ಮಾಡಿದೆ. ಈ ಕೆಲಸಕ್ಕೆ ಎಲ್‌ಇಡಿ ಬಲ್ಬ್ ಆಗುವುದಿಲ್ಲ. ಬಲ್ಬ್ ಒಮ್ಮೆ ಮಿನುಗಿ ಮಂದವಾಯಿತು, ಅಂದರೆ ಒಳಗೆ ಭಾರೀ ಶಾರ್ಟ್ ಇರಲಿಲ್ಲ. ಮಲ್ಟಿಮೀಟರ್ ಡಿಸಿಯಲ್ಲಿ ಔಟ್‌ಪುಟ್ 18 ಮಿಲಿವೋಲ್ಟ್ ತೋರಿಸಿತು. 50 ಮಿಲಿವೋಲ್ಟ್‌ನ ಒಳಗಿದ್ದರೆ ಚಿಂತೆಯಿಲ್ಲ, 100 ದಾಟಿದರೆ ಕಾರಣ ಹುಡುಕಬೇಕು, ವೋಲ್ಟ್‌ಗಳಲ್ಲಿದ್ದರೆ ಸ್ಪೀಕರ್ ಜೋಡಿಸಲೇಬಾರದು ಎಂಬುದು ನಾನು ಪಾಲಿಸುವ ಲೆಕ್ಕ. ಆ ಪ್ರಕಾರ ಸೆಟ್ ಸರಿಯಿತ್ತು. ಇಲ್ಲಿಗೇ ನಿಲ್ಲಿಸಿ ‘ಆಂಪ್ಲಿಫೈಯರ್ ಚೆನ್ನಾಗಿದೆ’ ಎಂದು ಕಳಿಸಿದ್ದರೆ ನಾಲ್ಕನೆಯ ಬಾರಿಯೂ ವೂಫರ್ ಸುಡುತ್ತಿತ್ತು. ಬಲ್ಬ್ ತೆಗೆದು, ಸ್ಪೀಕರ್ ಬದಲಿಗೆ ಡಮ್ಮಿ ಲೋಡ್ (ದೊಡ್ಡ ರೆಸಿಸ್ಟರ್) ಹಾಕಿ, ಹಾಡು ಹಚ್ಚಿ, ಮೀಟರ್ ಜೋಡಿಸಿಟ್ಟು ಕಾದೆ. ಹೀಟ್‌ಸಿಂಕ್ ಬಿಸಿಯೇರಿ ಸುಮಾರು ಅರ್ಧ ಗಂಟೆಯಾದ ಮೇಲೆ ಅಂಕಿ ಒಮ್ಮೆಲೇ 36 ವೋಲ್ಟ್‌ಗೆ ನೆಗೆಯಿತು. ಆಫ್ ಮಾಡಿ ತಣಿಸಿದರೆ ಮತ್ತೆ 18 ಮಿಲಿವೋಲ್ಟ್.

ಬೋರ್ಡನ್ನು ಮಗುಚಿ ಭೂತಗನ್ನಡಿಯಲ್ಲಿ ಒಂದೊಂದೇ ಬೆಸುಗೆ ನೋಡುತ್ತಾ ಹೋದಾಗ, ಔಟ್‌ಪುಟ್‌ನಿಂದ ಇನ್‌ಪುಟ್ ಬದಿಯ ಜೋಡಿ ಟ್ರಾನ್ಸಿಸ್ಟರ್‌ಗಳಿಗೆ ಹಿಂತಿರುಗುವ ಫೀಡ್‌ಬ್ಯಾಕ್ ರೆಸಿಸ್ಟರ್‌ನ ಒಂದು ಕಾಲಿನ ಸುತ್ತ ಕೂದಲೆಳೆಯಂಥ ಕಪ್ಪು ಉಂಗುರ ಕಂಡಿತು. ಒಣ ಬೆಸುಗೆ. ಬಿಸಿಗೆ ಹಿಗ್ಗಿದಾಗ ಅದು ಕಳಚಿಕೊಳ್ಳುತ್ತಿತ್ತು; ಔಟ್‌ಪುಟ್ ಎಲ್ಲಿ ನಿಂತಿದೆ ಎಂಬ ಸುದ್ದಿ ಇನ್‌ಪುಟ್ ಹಂತಕ್ಕೆ ತಲುಪದೆ, ಆಂಪ್ಲಿಫೈಯರ್ ಪೂರ್ತಿಯಾಗಿ ಪ್ಲಸ್ ಸಪ್ಲೈಯ ಕಡೆಗೆ ಹೋಗಿ ಕೂರುತ್ತಿತ್ತು. ಭಜನೆ ಅರ್ಧ ಗಂಟೆ ಮೀರಿದಾಗಲೇ ಸ್ಪೀಕರ್ ಯಾಕೆ ಸುಡುತ್ತಿತ್ತು ಎಂಬುದಕ್ಕೆ ಉತ್ತರ ಸಿಕ್ಕಿತು. ಹಳೆಯ ಸೀಸ ತೆಗೆದು ಹೊಸದಾಗಿ ಬೆಸೆಯಲು ಎರಡು ನಿಮಿಷ ಸಾಕಾಯಿತು.

ಎಲ್ಲ ಸೆಟ್‌ಗಳಲ್ಲೂ ದೋಷ ಇದೇ ಆಗಿರುವುದಿಲ್ಲ. ಡಿಸಿ ಪೂರ್ತಿ ಸಪ್ಲೈಯಷ್ಟೇ ಇದ್ದರೆ ಮೊದಲು ಎರಡೂ ಸಪ್ಲೈ ಬರುತ್ತಿವೆಯೇ ಎಂದು ನೋಡಿ, ನಂತರ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನು ಪರೀಕ್ಷಿಸಬೇಕು. ಡಿಸಿ ಕೆಲವು ನೂರು ಮಿಲಿವೋಲ್ಟ್ ಅಥವಾ ಒಂದೆರಡು ವೋಲ್ಟ್ ಮಾತ್ರ ಇದ್ದರೆ ಇನ್‌ಪುಟ್ ಕೆಪಾಸಿಟರ್ ಸೋರುತ್ತಿರಬಹುದು, ಇಲ್ಲವೇ ಫೀಡ್‌ಬ್ಯಾಕ್‌ನಿಂದ ಗ್ರೌಂಡ್‌ಗೆ ಹೋಗುವ 47 ಅಥವಾ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಳಾಗಿ ಒಳಗಿನ ಚಿಕ್ಕ ವ್ಯತ್ಯಾಸವೇ ಹತ್ತಾರು ಪಟ್ಟು ಹೆಚ್ಚಾಗಿ ಹೊರಬರುತ್ತಿರಬಹುದು. ಮುಟ್ಟುವ ಮೊದಲು ಸಪ್ಲೈಯ 10,000 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಖಾಲಿ ಮಾಡಿಕೊಳ್ಳಬೇಕು, ಸ್ಕ್ರೂಡ್ರೈವರ್‌ನಿಂದ ಕಿಡಿ ಹಾರಿಸಬಾರದು.

ಹೊಸದಾಗಿ ಕೆಲಸ ಕಲಿಯುತ್ತಿರುವ ಹುಡುಗರು ಎಡವುವ ಒಂದು ಜಾಗವಿದೆ. ಕಾರಿನ ಹಲವು ಸ್ಟೀರಿಯೊಗಳಲ್ಲಿ ಸ್ಪೀಕರ್‌ನ ಎರಡೂ ತಂತಿಗಳನ್ನು ಆಂಪ್ಲಿಫೈಯರೇ ನಡೆಸುತ್ತದೆ. ಅಲ್ಲಿ ಗ್ರೌಂಡ್‌ನಿಂದ ಅಳೆದರೆ ಎರಡೂ ತಂತಿಗಳಲ್ಲಿ ಸುಮಾರು 6 ವೋಲ್ಟ್ ಇರುವುದು ಸಹಜ, ಅದು ದೋಷವಲ್ಲ. ಅಳೆಯಬೇಕಾದ್ದು ಎರಡು ತಂತಿಗಳ ನಡುವೆ. ಅಂಥ ಸೆಟ್‌ನ ಯಾವ ಸ್ಪೀಕರ್ ತಂತಿಯನ್ನೂ ಕಾರಿನ ಲೋಹದ ಮೈಗೆ ತಾಗಿಸಬಾರದು.

ಭಜನಾ ಮಂಡಳಿಯ ಸೆಟ್‌ನಲ್ಲಿ ಡಿಸಿ ಬಂದೊಡನೆ ಸ್ಪೀಕರನ್ನು ಬೇರ್ಪಡಿಸಿ ಕಾಯುವ ಸ್ವಿಚ್, ಅಂದರೆ ರಿಲೇ, ಇರಲೇ ಇಲ್ಲ. ಸ್ಪೀಕರ್ ರಕ್ಷಣೆಗೆಂದೇ ಇರುವ ಯುಪಿಸಿ 1237 ಐಸಿಯ ಪುಟ್ಟ ಬೋರ್ಡ್ ಮತ್ತು 24 ವೋಲ್ಟ್ ರಿಲೇ ಹಾಕಿಕೊಟ್ಟೆ. ರಿಲೇ ಬಿಡಿಸಿಕೊಂಡಾಗ ಸ್ಪೀಕರ್ ಗ್ರೌಂಡ್‌ಗೆ ಸೇರುವಂತೆ ತಂತಿ ಕೊಟ್ಟೆ, ಇಲ್ಲವಾದರೆ ಡಿಸಿಯ ಕಿಡಿ ಕಾಂಟ್ಯಾಕ್ಟ್‌ಗಳ ನಡುವೆ ಆರದೆ ಉರಿಯುತ್ತಲೇ ಇರಬಹುದು. ಒಂದು ವೂಫರ್‌ಗೆ ಕಾಯಿಲ್ ಸುತ್ತಿಸುವ ಖರ್ಚಿನ ಮುಂದೆ ಇದು ದೊಡ್ಡ ಮಾತಲ್ಲ. ಊರೂರಲ್ಲಿ ಆಂಪ್ಲಿಫೈಯರ್ ಜೋಡಿಸಿ ಮಾರುವ ನಮ್ಮ ವೃತ್ತಿಬಾಂಧವರು ಇದನ್ನು ಬಿಡದೆ ಹಾಕಬೇಕೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ದುರಸ್ತಿಗೆ ಕೊಡುವ ಗ್ರಾಹಕರು ಸೆಟ್ ವಾಪಸ್ ಪಡೆಯುವಾಗ ಔಟ್‌ಪುಟ್‌ನ ಡಿಸಿ ತಣ್ಣಗಿದ್ದಾಗ ಎಷ್ಟಿತ್ತು, ಅರ್ಧ ಗಂಟೆ ನಡೆದ ಮೇಲೆ ಎಷ್ಟಿತ್ತು ಎಂಬ ಎರಡು ಅಂಕಿಗಳನ್ನು ಬಿಲ್ಲಿನ ಹಿಂದೆ ಬರೆಸಿಕೊಳ್ಳಲಿ. ಅಳೆದವರಿಗೆ ಬರೆದುಕೊಡುವುದು ಕಷ್ಟವಾಗುವುದಿಲ್ಲ.

– ಧ್ವನಿವರ್ಧಕ ದುರಸ್ತಿಗಾರ, ತಿಪಟೂರು